ರಾಕ್ ಬ್ಯಾಂಡಿಗೆ ಫಂಕಾ, ಡಿಸ್ಕೊನಾ? ಮೊದ್ಲು ಡ್ರಮ್ಮರ್ ಬಲಗಾಲು ನೋಡಿ

ನಾಲ್ಕೈದು ವರ್ಷ ಒಟ್ಟಿಗೆ ನುಡಿಸಿದ ಯಾವ ರಾಕ್ ಬ್ಯಾಂಡಲ್ಲಾದ್ರೂ ಒಂದಿನ ಈ ಮಾತು ಬಂದೇ ಬರುತ್ತೆ: ಜನ ನಿಂತ್ಕೊಂಡು ತಲೆ ಅಲ್ಲಾಡಿಸ್ತಾರೆ, ಆದ್ರೆ ಕುಣಿಯಲ್ಲ, ಸ್ವಲ್ಪ ಫಂಕ್-ಡಿಸ್ಕೊ ಕಡೆ ಹೋಗೋಣ್ವಾ ಅಂತ. ನಮ್ಮ ಬ್ಯಾಂಡಲ್ಲೂ ಬಂತು. ನಾನು ಬೇಸ್ ಗಿಟಾರ್ ನುಡಿಸೋನು, ಖುಷಿಯಿಂದ ಮೊದ್ಲು ಹೂಂ ಅಂದವನು ನಾನೇ. ಎಲ್ಲರೂ ಒಪ್ಕೊಂಡ್ವಿ, ಆದ್ರೆ ಒಬ್ಬೊಬ್ಬರ ತಲೇಲಿ ಒಂದೊಂದು ಹಾಡು ಓಡ್ತಿತ್ತು ಅನ್ನೋದು ಗೊತ್ತಾಗೋಕೆ ಮೂರು ತಿಂಗಳು ಹಿಡೀತು. ಡ್ರಮ್ಮರ್ ಡಿಸ್ಕೊ ಅಂದ್ಕೊಂಡಿದ್ದ, ಗಿಟಾರಿಸ್ಟ್ ಜೇಮ್ಸ್ ಬ್ರೌನ್ ತರದ ಫಂಕ್ ಅಂದ್ಕೊಂಡಿದ್ದ, ನಾನು ಸ್ಲ್ಯಾಪ್ (ಬೇಸ್ ತಂತಿನ ಗುದ್ದಿ ಎಳೆದು ನುಡಿಸೋದು) ಅಭ್ಯಾಸ ಮಾಡ್ಕೊಂಡು ಬರ್ತಿದ್ದೆ. ಮೂರೂ ಒಟ್ಟಿಗೆ ಸೇರಿದ್ರೆ ಏನೂ ಆಗಲ್ಲ, ಬರೀ ಗದ್ದಲ ಆಗುತ್ತೆ.

ಅದಕ್ಕೇ ಇದನ್ನ ಬರೀತಿರೋದು. ಫಂಕ್ ಮತ್ತೆ ಡಿಸ್ಕೊನ ಒಂದೇ ಉಸಿರಲ್ಲಿ ಹೇಳ್ತೀವಿ, ಆದ್ರೆ ಎರಡೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಜನರನ್ನ ಕೇಳುತ್ತೆ. ಇದರ ಜೊತೆ ಮೂರನೇ ದಾರಿನೂ ಒಂದಿದೆ, ಹಾಡು ರಾಕ್ ಆಗೇ ಇರುತ್ತೆ, ಕೆಳಗಿನ ನೆಲ ಮಾತ್ರ ಬದಲಾಗುತ್ತೆ. ಮೂರರಲ್ಲಿ ಯಾವುದು ಅಂತ ಗಿಟಾರಿಸ್ಟ್ ರುಚಿ ನೋಡಿ ತೀರ್ಮಾನ ಮಾಡ್ಬೇಡಿ (ಬಹುತೇಕ ಬ್ಯಾಂಡಲ್ಲಿ ಹಾಗೇ ಆಗೋದು). ಡ್ರಮ್ಮರ್ ಮತ್ತೆ ಬೇಸಿಸ್ಟ್ ಯಾರು, ಅವರ ಕೈ ಕಾಲು ಯಾವ ಕಡೆ ಒಲಿಯುತ್ತೆ ಅನ್ನೋದೇ ಇಲ್ಲಿ ಮುಖ್ಯ.

ವ್ಯತ್ಯಾಸ ಎಲ್ಲಿದೆ ಅಂದ್ರೆ

ರಾಕ್‌ನಲ್ಲಿ ನಾಲ್ಕು ಬೀಟಿನ ಒಂದು ಸುತ್ತಲ್ಲಿ (ಇದಕ್ಕೇ ಬಾರ್ ಅನ್ನೋದು) ಭಾರ ಬೀಳೋದು ಎರಡು ಮತ್ತೆ ನಾಲ್ಕರ ಮೇಲೆ, ಸ್ನೇರ್ ಅನ್ನೋ ಚಟ್ ಅನ್ನೋ ಡ್ರಮ್ ಹೊಡೆಯೋ ಜಾಗದಲ್ಲಿ. ಫಂಕ್‌ನಲ್ಲಿ ಭಾರ ಒಂದರ ಮೇಲೆ. ನಮ್ಮ ಸಂಗೀತದ ಮಾತಲ್ಲಿ ಹೇಳೋದಾದ್ರೆ ಎಲ್ಲರೂ ಸಮದಲ್ಲಿ ಬಂದು ಸೇರ್ತಾರೆ, ಸೇರಿದ ಮೇಲೆ ಉಳಿದ ಜಾಗದಲ್ಲಿ ಯಾರು ಯಾವಾಗ ಸುಮ್ಮನಿರ್ತಾರೆ ಅನ್ನೋದೇ ಆಟ. ಜೇಮ್ಸ್ ಬ್ರೌನ್ 1960ರ ದಶಕದ ಮಧ್ಯದಿಂದ ತನ್ನ ಬ್ಯಾಂಡಿಗೆ ಕಲಿಸಿದ್ದು ಇದನ್ನೇ, ಅವರು ಅದನ್ನ ಬರೀ 'ದ ಒನ್' ಅಂತಿದ್ರು. ಒಂದೊಂದು ಬೀಟನ್ನ ನಾಲ್ಕಾಗಿ ಒಡೆದು, ಬಾರ್‌ಗೆ ಒಟ್ಟು ಹದಿನಾರು ಮನೆ ಮಾಡ್ಕೊಂಡು, ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಯಾವ ಮನೇಲಿ ಬೀಳುತ್ತೆ, ಬೇಸ್ ಯಾವ ಮನೆ ಬಿಡುತ್ತೆ, ಗಿಟಾರ್ ಯಾವ ಮನೇಲಿ ಚಿಕ್ ಅನ್ನುತ್ತೆ ಅಂತ ಹಂಚ್ಕೋಬೇಕು. ಟೆಂಪೊ ಸಾಮಾನ್ಯವಾಗಿ 95ರಿಂದ 110 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಆಸುಪಾಸು, ಅಂದ್ರೆ ನಿಧಾನ. ನಿಧಾನ ಆದಷ್ಟೂ ತಪ್ಪು ಕೇಳಿಸುತ್ತೆ.

ಡಿಸ್ಕೊನಲ್ಲಿ ಕಿಕ್ ನಾಲ್ಕೂ ಬೀಟಿಗೆ ಬೀಳುತ್ತೆ, ಹೈಹ್ಯಾಟ್ (ಜೋಡಿ ತಾಳ) ಎರಡು ಬೀಟಿನ ಮಧ್ಯದಲ್ಲಿ ಬಾಯಿ ತೆರೆದು ಮುಚ್ಚುತ್ತೆ, 'ತ್ಸೀ' ಅನ್ನೋ ಆ ಶಬ್ದವೇ ಕಾಲನ್ನ ಮೇಲಕ್ಕೆತ್ತೋದು. ಈ ಬೀಟನ್ನ ರೆಕಾರ್ಡಿಗೆ ತಂದವರಲ್ಲಿ ದೊಡ್ಡ ಹೆಸರು ಫಿಲಡೆಲ್ಫಿಯಾದ ಸೆಷನ್ ಡ್ರಮ್ಮರ್ ಅರ್ಲ್ ಯಂಗ್, 1973ರಲ್ಲಿ ಹೆರಾಲ್ಡ್ ಮೆಲ್ವಿನ್ ಅಂಡ್ ದ ಬ್ಲೂ ನೋಟ್ಸ್ ಹಾಡಿದ 'ದ ಲವ್ ಐ ಲಾಸ್ಟ್' ಕೇಳಿ, ಹೈಹ್ಯಾಟ್ ಮೇಲೆ ಮಾತ್ರ ಕಿವಿ ಇಡಿ. ಟೆಂಪೊ 110ರಿಂದ 125ರ ನಡುವೆ. ಕೇಳೋಕೆ ಸುಲಭ ಅನ್ಸುತ್ತೆ, ಹೊಡೆಯೋಕೂ ಮೊದಲ ಎರಡು ನಿಮಿಷ ಸುಲಭವೇ. ಆರನೇ ನಿಮಿಷದಲ್ಲಿ ಡ್ರಮ್ಮರ್ ಮುಖ ನೋಡಿ, ಆಗ ಗೊತ್ತಾಗುತ್ತೆ.

ಇಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು. ಫಂಕ್ ಕೇಳೋದು ಸಂಯಮ, ಡಿಸ್ಕೊ ಕೇಳೋದು ದಮ್ಮು. ನಿಮ್ಮ ಡ್ರಮ್ಮರ್ ಸ್ನೇರ್ ಮೇಲೆ ಮೆಲ್ಲಗೆ, ಕೇಳಿಸಿಯೂ ಕೇಳಿಸದಂಗೆ ಘೋಸ್ಟ್ ನೋಟ್ ಹಾಕ್ತಾನಾ, ಬಲಗೈ ಹಗುರ ಇದ್ಯಾ, ಹಾಗಿದ್ರೆ ಫಂಕ್. ಅದಿಲ್ಲ, ಆದ್ರೆ ಕಾಲು ಗಡಿಯಾರದ ತರ ಹತ್ತು ನಿಮಿಷ ಬೀಳುತ್ತೆ ಅಂದ್ರೆ ಡಿಸ್ಕೊ. ಎರಡೂ ಇಲ್ಲ, ಪ್ರತಿ ಎಂಟು ಬಾರ್‌ಗೆ ಫಿಲ್ (ಬೀಟ್ ಬಿಟ್ಟು ಹೊಡೆಯೋ ಚಿಕ್ಕ ಅಲಂಕಾರ) ಹೊಡೆದು ಕ್ರ್ಯಾಶ್ ತಾಳದ ಮೇಲೆ ಬೀಳ್ದೆ ಇರೋಕಾಗಲ್ಲ ಅನ್ನೋ ಡ್ರಮ್ಮರ್ ಆದ್ರೆ ಮೂರನೇ ದಾರಿ, ಅದೂ ನಿಧಾನಕ್ಕೆ.

ಇದನ್ನ ಬಾಯಲ್ಲಿ ಕೇಳಿ ನಿರ್ಧಾರ ಮಾಡ್ಬೇಡಿ, ಪರೀಕ್ಷೆ ಮಾಡಿ. ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ರೂಮಿನ ಮೂಲೇಲಿ ಇಡಿ, ಗಿಟಾರು ಹಾಡು ಯಾವುದೂ ಬೇಡ, ಬರೀ ಡ್ರಮ್ಸ್ ಮತ್ತೆ ಬೇಸ್. 118ಕ್ಕೆ ಡಿಸ್ಕೊ ಬೀಟು ಎಂಟು ನಿಮಿಷ, ಒಂದೂ ಫಿಲ್ ಇಲ್ದೆ. ಆಮೇಲೆ 98ಕ್ಕೆ ಒಂದೇ ಬಾರ್‌ನ ಫಂಕ್ ಗ್ರೂವ್ (ಮತ್ತೆ ಮತ್ತೆ ತಿರುಗೋ ಲಯ) ಎಂಟು ನಿಮಿಷ. ಮೆಟ್ರೊನೋಮ್‌ನ ಪ್ರತಿ ಬೀಟಿಗೆ ಇಡ್ಬೇಡಿ, ಒಂದು ಬಾರ್‌ಗೆ ಒಂದೇ ಟಿಕ್ ಬರೋ ಹಾಗೆ ಇಡಿ, ಆಗ ಮಧ್ಯದ ಜಾಗ ಯಾರದ್ದು ಕುಗ್ತಿದೆ ಯಾರದ್ದು ಹಿಗ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತೆ. ಮಾರನೇ ದಿನ ಕೇಳಿ, ಅವತ್ತೇ ಕೇಳಿದ್ರೆ ಮೈಯಲ್ಲಿ ಇನ್ನೂ ಆ ಬಿಸಿ ಇರುತ್ತೆ, ಎಲ್ಲಾ ಚೆನ್ನಾಗೇ ಕೇಳಿಸುತ್ತೆ. ಕೇಳ್ತಾ ಕೇಳ್ತಾ ನಿಮ್ಮ ಕಾಲು ಐದನೇ ನಿಮಿಷದಲ್ಲೂ ಅಲ್ಲಾಡ್ತಿದೆಯಾ ಅಂತಷ್ಟೇ ನೋಡಿ.

ಡಿಸ್ಕೊ ಅಂದ್ರೆ ರಾಕ್ ಡ್ರಮ್ಮರ್‌ಗೆ ಅವಮಾನ ಅನ್ನೋರಿಗೆ ಒಂದು ಮಾತು. ಡಿಸ್ಕೊ ಬ್ಯಾಂಡ್ ಶೀಕ್‌ನ ಡ್ರಮ್ಮರ್ ಟೋನಿ ಥಾಂಪ್ಸನ್ ಇದ್ರಲ್ಲ, 1985ರ ಲೈವ್ ಏಡ್‌ನಲ್ಲಿ ಲೆಡ್ ಜೆಪ್ಪೆಲಿನ್‌ನ ಉಳಿದ ಮೂವರು ಒಟ್ಟಿಗೆ ಸ್ಟೇಜ್ ಹತ್ತಿದಾಗ ತೀರಿಹೋಗಿದ್ದ ಡ್ರಮ್ಮರ್ ಜಾನ್ ಬಾನಮ್ ಜಾಗದಲ್ಲಿ ಫಿಲ್ ಕಾಲಿನ್ಸ್ ಜೊತೆ ಕೂತು ಬಾರಿಸಿದ್ದು ಅವರೇ. ಕೈಯಲ್ಲಿ ಅಷ್ಟು ಬಲ ಇಟ್ಕೊಂಡು, ಅದನ್ನ ತಡೆದು ಒಂದೇ ಬೀಟ್ ಹೊಡೀತಿದ್ರು, ಅದಕ್ಕೇ ಶೀಕ್ ಹಾಡುಗಳು ಇವತ್ತಿಗೂ ಹಾಗೆ ನೂಕುತ್ತೆ.

ಬೇಸ್: ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ

ರಾಕ್ ಬೇಸಿಸ್ಟಿಗೆ ಫಂಕ್ ಅಂದ ತಕ್ಷಣ ಸ್ಲ್ಯಾಪ್ ನೆನಪಾಗುತ್ತೆ. ಸ್ಲ್ಯಾಪ್ ಹುಟ್ಟಿದ್ದು ಹೇಗೆ ಅಂತ ತಿಳ್ಕೊಂಡ್ರೆ ಅದನ್ನ ಯಾವಾಗ ಬಳಸ್ಬೇಕು ಅಂತನೂ ಗೊತ್ತಾಗುತ್ತೆ. ಬೇಸಿಸ್ಟ್ ಲ್ಯಾರಿ ಗ್ರಹಾಂ ತನ್ನ ತಾಯಿ ಜೊತೆ ನುಡಿಸ್ತಿದ್ದಾಗ ಅವರ ಬಳಿ ಡ್ರಮ್ಮರ್ ಇರಲಿಲ್ಲ, ಕಿಕ್ ಬೀಳ್ಬೇಕಾದ ಕಡೆ ಹೆಬ್ಬೆರಳಲ್ಲಿ ತಂತಿ ಗುದ್ದಿದ್ರು, ಸ್ನೇರ್ ಬೇಕಾದ ಕಡೆ ಬೆರಳಲ್ಲಿ ತಂತಿ ಎಳೆದು ಬಿಟ್ರು. ಅಂದ್ರೆ ಅದು ಡ್ರಮ್ಸ್ ಇಲ್ಲದ ಜಾಗ ತುಂಬೋಕೆ ಹುಟ್ಟಿದ ವಿದ್ಯೆ. ನಿಮ್ಮ ಬ್ಯಾಂಡಲ್ಲಿ ಡ್ರಮ್ಮರ್ ಇದ್ದಾನೆ, ಅವನೂ ಜೋರಾಗಿ ಹೊಡೀತಾನೆ, ಮೇಲಿಂದ ನೀವೂ ಹಾಡಿಡೀ ಸ್ಲ್ಯಾಪ್ ಹೊಡೆದ್ರೆ ಇಬ್ಬರೂ ಒಂದೇ ಜಾಗಕ್ಕೆ ಗುದ್ದಾಡ್ತೀರಿ. ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್‌ನ ಫ್ಲೀಗಿಂತ ಸ್ಲ್ಯಾಪ್ ಚೆನ್ನಾಗಿ ಬರೋ ರಾಕ್ ಬೇಸಿಸ್ಟ್ ಬೇಕಾ? ಅವರೇ 1989ರ ಆಲ್ಬಂನಲ್ಲಿ ಅಷ್ಟೊಂದು ಸ್ಲ್ಯಾಪ್ ಮಾಡಿ, 1991ರ 'ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್'ಗೆ ಬರೋ ಹೊತ್ತಿಗೆ ಬಹಳ ಕಡಿಮೆ ಮಾಡಿದ್ರು, ಬ್ಯಾಂಡಿನ ಸೌಂಡು ಅಲ್ಲೇ ಅರಳಿದ್ದು ಅಂತ ನನ್ನ ಅಭಿಪ್ರಾಯ. ಅದಕ್ಕೂ ಮುಂಚೆ, 1985ರಲ್ಲಿ, ಈ ಬ್ಯಾಂಡಿನವರು ಫಂಕ್ ದಿಗ್ಗಜ ಜಾರ್ಜ್ ಕ್ಲಿಂಟನ್ ಹತ್ರ ಹೋಗಿ ಒಂದು ಇಡೀ ಆಲ್ಬಂ ಮಾಡಿಸ್ಕೊಂಡಿದ್ರು, ಅದರಲ್ಲಿ ಜೇಮ್ಸ್ ಬ್ರೌನ್ ಬ್ಯಾಂಡಿನ ಮೇಸಿಯೊ ಪಾರ್ಕರ್, ಫ್ರೆಡ್ ವೆಸ್ಲಿ ಊದಿದ್ದಾರೆ. ಗುರುಗಳ ಹತ್ರ ಹೋಗಿ ಕಲಿಯೋದು ಅಂದ್ರೆ ಇದು.

ಡಿಸ್ಕೊ ಬೇಸ್ ಅಂದ್ರೆ ಆಕ್ಟೇವ್ ಅಂತ ಎಲ್ಲರೂ ಹೇಳ್ತಾರೆ, ಬೀಟಿಗೆ ಕೆಳಗಿನ ಸ್ವರ, ಬೀಟಿನ ಮಧ್ಯಕ್ಕೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಸರಿ, ಆದ್ರೆ ಅದೊಂದೇ ಮಾಡಿದ್ರೆ ಹತ್ತು ನಿಮಿಷಕ್ಕೆ ಬೇಜಾರು. ಶೀಕ್‌ನ ಬರ್ನಾರ್ಡ್ ಎಡ್ವರ್ಡ್ಸ್ 1979ರ 'ಗುಡ್ ಟೈಮ್ಸ್'ನಲ್ಲಿ ಏನು ಮಾಡಿದ್ರು ಕೇಳಿ: ಶುರುವಲ್ಲಿ ಒಂದೇ ಸ್ವರ ಮೂರು ಸಲ, ಡುಂ, ಡುಂ, ಡುಂ, ಪ್ರತಿಯೊಂದರ ನಂತರ ಪೂರ್ತಿ ಮೌನ, ಆಮೇಲೆ ಓಡ್ಕೊಂಡು ಮೇಲೆ ಹತ್ತುತ್ತೆ. ಆ ಮೌನ ಇದ್ಯಲ್ಲ, ಎಡಗೈ ಬೆರಳನ್ನ ಒತ್ತದೆ ತಂತಿ ಮೇಲೆ ಹಗುರವಾಗಿ ಇಟ್ಟು ಸ್ವರನ ಅಲ್ಲೇ ಕೊಲ್ಲಬೇಕು, ಗುಂಯ್ ಅಂತ ಉಳಿಯೋಕೆ ಬಿಡ್ಬಾರ್ದು. ನಾನು ರಾಕ್‌ನಲ್ಲಿ ಬೆಳೆದವನು, ಸ್ವರ ಹಿಡಿಯೋದು ಕಲ್ತಿದ್ದೆ, ಬಿಡೋದು ಕಲ್ತಿರಲಿಲ್ಲ. ಇದನ್ನ ಸರಿ ಮಾಡ್ಕೊಳ್ಳೋಕೆ ನನಗೆ ಒಂದು ವರ್ಷ ಬೇಕಾಯ್ತು, ಸ್ಲ್ಯಾಪ್ ಕಲಿಯೋಕೆ ಅಷ್ಟು ಬೇಕಾಗಿರಲಿಲ್ಲ.

ಕ್ವೀನ್‌ನ ಜಾನ್ ಡೀಕನ್ ಇದೇ ಶೀಕ್ ಜೊತೆ ಸ್ಟುಡಿಯೋದಲ್ಲಿ ಓಡಾಡಿ, ಅದರ ಗುಂಗಲ್ಲೇ 1980ರಲ್ಲಿ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಕೊಟ್ರು. ಅದರಲ್ಲೂ ಮೂರು ಡುಂ, ಅದೇ ಮೌನ. ರೋಜರ್ ಟೇಲರ್ ಡ್ರಮ್ಸ್ ಪೂರ್ತಿ ಒಣ, ಗುಂಯ್ ಅನ್ನೋದೇ ಇಲ್ಲ. ಬೇಸಿಸ್ಟ್ ಹಾಡು ಬರೆಯೋನಾಗಿದ್ರೆ, ಅವನ ಲೈನಿಂದಲೇ ಹಾಡು ಶುರುವಾಗೋ ಹಾಗಿದ್ರೆ, ಬ್ಯಾಂಡು ಈ ಕಡೆ ಬಹಳ ಬೇಗ ತಿರುಗುತ್ತೆ. ಬೇಸಿಸ್ಟ್ ಬರೀ ಗಿಟಾರ್ ಕಾರ್ಡಿನ ಮೂಲಸ್ವರ ಹಿಂಬಾಲಿಸೋನಾದ್ರೆ ಎರಡೂ ದಾರಿ ಕಷ್ಟ, ಮೊದ್ಲು ಅವನು ಆರು ತಿಂಗಳು ಕೂತು ಕೇಳ್ಬೇಕು.

ಗಿಟಾರ್, ಅಂದ್ರೆ ಎಲ್ಲಕ್ಕಿಂತ ದೊಡ್ಡ ಜಗಳ

ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಆಫ್ ಮಾಡು ಅಂದ್ರೆ ರಾಕ್ ಗಿಟಾರಿಸ್ಟಿಗೆ ಬಟ್ಟೆ ಬಿಚ್ಚು ಅಂದಂಗೆ ಆಗುತ್ತೆ, ಇದು ನಿಜ, ಅದನ್ನ ಹಗುರವಾಗಿ ತಗೋಬೇಡಿ. ಕ್ಲೀನ್ ಟೋನಲ್ಲಿ ಒಂದೊಂದು ತಪ್ಪೂ ಕೇಳಿಸುತ್ತೆ. ಫಂಕ್ ಗಿಟಾರ್‌ನ ಮೂಲಪುರುಷ ಜೇಮ್ಸ್ ಬ್ರೌನ್ ಬ್ಯಾಂಡಿನ ಜಿಮ್ಮಿ ನೋಲೆನ್. ಬಲಗೈ ಮಣಿಕಟ್ಟು ನಿಲ್ಲೋದೇ ಇಲ್ಲ, ಒಂದು ಬಾರ್‌ಗೆ ಹದಿನಾರು ಸಲ ಮೇಲೆ ಕೆಳಗೆ ಹೋಗ್ತಾನೇ ಇರುತ್ತೆ, ಎಡಗೈ ಬೆರಳು ತಂತಿ ಮೇಲೆ ಬರೀ ಮಲಗಿರುತ್ತೆ, ಒತ್ತಿರಲ್ಲ, ಅದಕ್ಕೇ ಚಿಕ ಚಿಕ ಅಂತ ಶಬ್ದ, ಆ ಹದಿನಾರರಲ್ಲಿ ಮೂರೋ ನಾಲ್ಕೋ ಕಡೆ ಮಾತ್ರ ಬೆರಳು ಒತ್ತುತ್ತೆ, ಕಾರ್ಡು (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಮಿಂಚಿ ಮಾಯ ಆಗುತ್ತೆ. ಏಳನೇ ಫ್ರೆಟ್ ಹತ್ರ ಇ ನೈನ್ತ್ ಕಾರ್ಡು ಹಿಡಿದು ಇಷ್ಟನ್ನೇ ಅರ್ಧ ಗಂಟೆ ಮಾಡಿ ನೋಡಿ, ಯಾವ ಸ್ವರ ನುಡಿಸ್ಬೇಕು ಅನ್ನೋದು ಆಮೇಲಿನ ಮಾತು. ಡಿಸ್ಕೊನಲ್ಲಿ ಶೀಕ್ ಗಿಟಾರಿಸ್ಟ್ ನೈಲ್ ರಾಜರ್ಸ್ ಮಾಡೋದೂ ಇದೇ ಕುಟುಂಬದ್ದು, ಆದ್ರೆ ಅಲ್ಲಿ ಕಾರ್ಡುಗಳು ಹೆಚ್ಚು ಬದಲಾಗ್ತಾವೆ, ಮೇಲಿನ ಮೂರು ನಾಲ್ಕು ತಂತಿ ಮಾತ್ರ ಮಾತಾಡುತ್ತೆ. ಕೆಳಗಿನ ದಪ್ಪ ತಂತಿಗಳು ಬೇಸ್‌ನ ಆಸ್ತಿ.

ನಮ್ಮಲ್ಲಿ ಇಬ್ಬರು ಗಿಟಾರಿಸ್ಟು. ಮೊದಲ ತಿಂಗಳು ಇಬ್ಬರೂ ಚಿಕ ಚಿಕ ಅಂತ ಒಂದೇ ಪ್ಯಾಟರ್ನ್ ನುಡಿಸ್ತಿದ್ರು, ರೆಕಾರ್ಡಿಂಗ್ ಕೇಳಿದ್ರೆ ಹರಕು ಸೀರೆ ಎಳೆದಂಗೆ ಇತ್ತು. ಒಬ್ಬನ ಕೈ ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬನದ್ದು ಹಿಂದೆ. ರಾಕ್‌ನಲ್ಲಿ ಆ ವ್ಯತ್ಯಾಸವೇ ಸೌಂಡನ್ನ ದೊಡ್ಡದು ಮಾಡುತ್ತೆ, ಇಲ್ಲಿ ಅದೇ ಗ್ರೂವ್‌ನ ಕೊಲ್ಲುತ್ತೆ. ಇಬ್ಬರು ಗಿಟಾರಿಸ್ಟ್ ಇದ್ದು ಇಬ್ಬರಿಗೂ ಸದಾ ನುಡಿಸ್ತಾನೇ ಇರ್ಬೇಕು ಅನ್ನೋ ಆಸೆ ಇದ್ರೆ ಪೂರ್ತಿ ಫಂಕ್ ಬೇಡ, ಖಂಡಿತ ಬೇಡ.

ಮೂರನೇ ದಾರಿ

ನನ್ನ ಪ್ರಕಾರ ಹೆಚ್ಚಿನ ರಾಕ್ ಬ್ಯಾಂಡಿಗೆ ಸರಿಹೋಗೋದು ಇದು. ಹಾಡು, ದನಿ, ಸೋಲೋ ಎಲ್ಲಾ ನಿಮ್ಮದೇ, ಕೆಳಗೆ ಮಾತ್ರ ನಾಲ್ಕು ಕಿಕ್ ಮತ್ತೆ ನಡೆದಾಡೋ ಬೇಸ್. 1978ರಲ್ಲಿ ರೋಲಿಂಗ್ ಸ್ಟೋನ್ಸ್ 'ಮಿಸ್ ಯು' ಮಾಡಿದ್ದು ಹೀಗೇ. ಚಾರ್ಲಿ ವಾಟ್ಸ್ ನಾಲ್ಕೂ ಬೀಟಿಗೆ ಕಿಕ್ ಇಟ್ರು, ಬಿಲ್ ವೈಮನ್ ಬೇಸ್ ಲೈನಿನ ಹಿಂದೆ ಬಿಲ್ಲಿ ಪ್ರೆಸ್ಟನ್ ಪ್ರಭಾವ ಇತ್ತು, ಮೇಲೆ ಶುಗರ್ ಬ್ಲೂ ಅವರ ಹಾರ್ಮೋನಿಕಾ ಪೂರ್ತಿ ಬ್ಲೂಸ್. ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು, ಕ್ಲಬ್ಬುಗಳಿಗೆ ಅಂತ ಎಂಟು ನಿಮಿಷ ದಾಟಿದ 12 ಇಂಚಿನ ರೆಕಾರ್ಡೂ ಬಂತು, ಆದ್ರೂ ಕೇಳಿದ ತಕ್ಷಣ ಸ್ಟೋನ್ಸ್ ಅಂತ ಗೊತ್ತಾಗುತ್ತೆ. ಪಿಂಕ್ ಫ್ಲಾಯ್ಡ್ ಕಥೆ ಇನ್ನೂ ಪಾಠದಂಗಿದೆ. 1979ರ 'ಅನದರ್ ಬ್ರಿಕ್ ಇನ್ ದ ವಾಲ್' ಎರಡನೇ ಭಾಗಕ್ಕೆ ಡಿಸ್ಕೊ ಬೀಟು ಇಡೋಣ ಅಂದಿದ್ದು ನಿರ್ಮಾಪಕ ಬಾಬ್ ಎಜ್ರಿನ್, ಗಿಲ್ಮೋರ್‌ಗೆ ಕ್ಲಬ್ಬಿಗೆ ಹೋಗಿ ಕೇಳ್ಕೊಂಡು ಬನ್ನಿ ಅಂತ ಕಳಿಸಿದ್ರು, ಗಿಲ್ಮೋರ್‌ಗೆ ಆ ಸಂಗೀತ ಇಷ್ಟ ಆಗಲಿಲ್ಲ, ಆದ್ರೂ ನುಡಿಸಿದ್ರು. ಸೋಲೋ ಕೇಳಿ, ಒಂದಂಗುಲನೂ ಡಿಸ್ಕೊ ಅಲ್ಲ. ಕೆಳಗಿನ ಬೀಟ್ ಅಷ್ಟು ನೆಟ್ಟಗೆ ಇರೋದ್ರಿಂದ ಮೇಲಿನ ಗಿಟಾರ್ ಅಷ್ಟು ಆರಾಮಾಗಿ ತೇಲುತ್ತೆ.

ಸಾಹಿತ್ಯ ಜಾಸ್ತಿ ಇರೋ, ಕಥೆ ಹೇಳೋ ಹಾಡುಗಾರ ಇರೋ ಬ್ಯಾಂಡಿಗೆ ಈ ದಾರಿ ಹೇಳಿ ಮಾಡಿಸಿದಂಗಿದೆ. ಫಂಕ್‌ನಲ್ಲಿ ಮಾತು ಕಡಿಮೆ ಬೇಕು, ಹಾಡೋನೂ ಒಂದು ಡ್ರಮ್ಮೇ.

ಮನುಷ್ಯನಾ, ಮಷೀನಾ

ಡಿಸ್ಕೊ ಆರಿಸ್ಕೊಂಡ್ರೆ ಈ ಪ್ರಶ್ನೆ ಬರುತ್ತೆ. ಬೀ ಜೀಸ್ 1977ರಲ್ಲಿ ಫ್ರಾನ್ಸ್‌ನಲ್ಲಿ ರೆಕಾರ್ಡ್ ಮಾಡ್ತಿದ್ದಾಗ ಅವರ ಡ್ರಮ್ಮರ್ ಮನೆಯ ತುರ್ತಿಗೆ ಹೋಗ್ಬೇಕಾಯ್ತು, ಆಗ ಅದಾಗಲೇ ನುಡಿಸಿಟ್ಟಿದ್ದ 'ನೈಟ್ ಫೀವರ್'ನಿಂದ ಎರಡು ಬಾರ್ ಟೇಪ್ ತಗೊಂಡು ಸುತ್ತು, ಅಂದ್ರೆ ಲೂಪ್ ಮಾಡಿ, ಅದನ್ನೇ ತಿರುಗಿಸಿ ತಿರುಗಿಸಿ 'ಸ್ಟೇಯಿನ್ ಅಲೈವ್' ಮಾಡಿದ್ರು. ಡ್ರಮ್ಮರ್ ಹೆಸರು ಬರ್ನಾರ್ಡ್ ಲೂಪ್ ಅಂತ ಹಾಕಿದ್ರು, ಅಂಥ ಮನುಷ್ಯನೇ ಇರಲಿಲ್ಲ. ಬ್ಲಾಂಡಿ 'ಹಾರ್ಟ್ ಆಫ್ ಗ್ಲಾಸ್'ಗೆ ರೋಲೆಂಡ್ ಸಿಆರ್-78 ಮಷೀನ್ ಟಿಕಿ ಟಿಕಿ ಓಡಿಸಿ, ಅದರ ಜೊತೆ ಕ್ಲೆಮ್ ಬರ್ಕ್ ನಿಜವಾದ ಡ್ರಮ್ಸ್ ಹೊಡೆದ್ರು, ಆ ಹಾಡು 1975ರಿಂದ ಬೇರೆ ಬೇರೆ ರೂಪದಲ್ಲಿ ಅವರ ಹತ್ರ ಇತ್ತು, ಸರಿಯಾದ ನೆಲ ಸಿಕ್ಕಿದ್ದು 1978ರಲ್ಲಿ. ನನ್ನ ಆಯ್ಕೆ ಬ್ಲಾಂಡಿ ತರದ್ದು: ಮಷೀನ್ ಚಿಕ್ಕ ಶಬ್ದಗಳನ್ನ ಹಿಡ್ಕೊಳ್ಳಲಿ, ಕಿಕ್ ಸ್ನೇರ್ ಮನುಷ್ಯನದ್ದೇ ಇರಲಿ. ಫಂಕ್‌ಗೆ ಮಾತ್ರ ಮಷೀನ್ ಬೇಡವೇ ಬೇಡ, ಕಲಿಯೋ ಹಂತದಲ್ಲಂತೂ ಬೇಡ.

ಒಂದು ಹಾಡಾ, ಇಡೀ ಆಲ್ಬಮ್ಮಾ

ಇಲ್ಲಿ ಮತ್ತೆ ಕ್ವೀನ್‌ಗೇ ಬರ್ಬೇಕು, ಯಾಕಂದ್ರೆ ಒಂದೇ ಬ್ಯಾಂಡು ಎರಡನ್ನೂ ಮಾಡಿ ತೋರಿಸಿದೆ. 1980ರ 'ದ ಗೇಮ್'ನಲ್ಲಿ ಡೀಕನ್ ಹಾಡಿನ ಅಕ್ಕಪಕ್ಕ ರಾಕ್ ಹಾಡುಗಳೇ ಇದ್ವು, ಆಲ್ಬಂ ಅಮೆರಿಕದಲ್ಲಿ ಒಂದನೇ ಸ್ಥಾನ. 1982ರ 'ಹಾಟ್ ಸ್ಪೇಸ್'ನಲ್ಲಿ ಮೊದಲ ಬದಿ ಹೆಚ್ಚುಕಡಿಮೆ ಪೂರ್ತಿ ಡ್ಯಾನ್ಸ್, ಕೆಲವು ಕಡೆ ಡೀಕನ್ ಬೇಸ್ ಜಾಗದಲ್ಲಿ ಸಿಂಥಸೈಜರ್, ಬ್ರಯಾನ್ ಮೇ ಗಿಟಾರು ಮೂಲೆಗೆ. ಅಮೆರಿಕದಲ್ಲಿ 22ಕ್ಕೆ ನಿಂತಿತು, ಹಳೇ ಅಭಿಮಾನಿಗಳು ಮುನಿಸ್ಕೊಂಡ್ರು. ಡ್ಯಾನ್ಸ್ ಕಡೆ ಹೋಗಿದ್ದು ತಪ್ಪು ಅಂತ ನಾನು ಹೇಳಲ್ಲ. ಬ್ಯಾಂಡಿನ ಗುರುತಾಗಿದ್ದ ಎರಡು ಶಬ್ದಗಳನ್ನ, ಆ ಗಿಟಾರು ಆ ಬೇಸು, ಒಟ್ಟಿಗೆ ತೆಗೆದಿದ್ದು ಪೆಟ್ಟು ಕೊಡ್ತು ಅಂತ ನನಗನ್ಸುತ್ತೆ.

ಜನರ ಸಿಟ್ಟು ಅಂದ್ರೆ ಎಷ್ಟಿರಬಹುದು ಅನ್ನೋಕೆ 1979ರ ಜುಲೈ 12 ಸಾಕು, ಅವತ್ತು ಚಿಕಾಗೋದ ಕಮಿಸ್ಕಿ ಪಾರ್ಕ್ ಸ್ಟೇಡಿಯಂನಲ್ಲಿ ಡಿಸ್ಕೊ ರೆಕಾರ್ಡುಗಳನ್ನ ರಾಶಿ ಹಾಕಿ ಸ್ಫೋಟಿಸಿದ್ರು, ಜನ ಮೈದಾನಕ್ಕೆ ನುಗ್ಗಿದ್ರು. ಡಿಸ್ಕೊ ಬೆಳೆದಿದ್ದು ಕಪ್ಪು ಜನ, ಲ್ಯಾಟಿನೋ ಜನ, ಸಲಿಂಗಿಗಳು ಸೇರ್ತಿದ್ದ ಕ್ಲಬ್ಬುಗಳಲ್ಲಿ, ಆ ಸಿಟ್ಟಲ್ಲಿ ಅವರ ಮೇಲಿನ ದ್ವೇಷವೂ ಬೆರೆತಿತ್ತು ಅಂತ ಆಮೇಲೆ ತುಂಬಾ ಜನ ಬರೆದಿದ್ದಾರೆ, ನಾನೂ ಅದನ್ನ ನಂಬ್ತೀನಿ. ರಾಕ್ ಬ್ಯಾಂಡಾಗಿ ಈ ಸಂಗೀತ ಎತ್ಕೊಳ್ಳೋರು ಇದು ಯಾರ ಮನೆಯಿಂದ ಬಂತು ಅಂತ ತಿಳ್ಕೊಂಡೇ ಎತ್ಕೋಬೇಕು. ಮಿರಮಿರ ಬಟ್ಟೆ ಹಾಕಿ ವಿಗ್ ಇಟ್ಕೊಂಡು ಅಣಕದ ತರ ಮಾಡೋದು ನನಗೆ ಸುತರಾಂ ಇಷ್ಟ ಇಲ್ಲ.

ಹೊಸ ಜನ ಸೇರಿಸ್ಕೊಳ್ಳೋದು ಇನ್ನೊಂದು ಆಯ್ಕೆ. ಟಾಕಿಂಗ್ ಹೆಡ್ಸ್ ನಾಲ್ಕು ಜನ 1980ರ 'ರಿಮೇನ್ ಇನ್ ಲೈಟ್' ಹಾಡುಗಳನ್ನ ಸ್ಟೇಜಿಗೆ ತರೋಕೆ ಒಂಬತ್ತು ಜನ ಆದ್ರು, ಪಾರ್ಲಮೆಂಟ್-ಫಂಕಡೆಲಿಕ್‌ನ ಬರ್ನಿ ವೊರೆಲ್‌ರನ್ನೇ ಕೀಬೋರ್ಡಿಗೆ ಕರ್ಕೊಂಡ್ರು. ದುಡ್ಡು, ವ್ಯಾನು, ಪ್ರಾಕ್ಟೀಸ್ ಎಲ್ಲಾ ಡಬಲ್ ಆಗುತ್ತೆ. ಆದ್ರೆ ಒಬ್ಬರನ್ನ ಮಾತ್ರ ಸೇರಿಸ್ಕೊಳ್ಳೋಕೆ ಆಗೋದಾದ್ರೆ ಕಾಂಗಾ, ಟ್ಯಾಂಬೊರಿನ್, ಶೇಕರ್ ನುಡಿಸೋ ಪರ್ಕಷನ್ ಕಲಾವಿದರನ್ನ ಸೇರಿಸ್ಕೊಳ್ಳಿ, ಹಿತ್ತಾಳೆ ವಾದ್ಯ ಆಮೇಲೆ ನೋಡೋಣ. ಹದಿನಾರು ಮನೆಗಳನ್ನ ಒಬ್ಬರು ಸದಾ ಎಣಿಸ್ತಿದ್ರೆ ಉಳಿದವರು ಧೈರ್ಯವಾಗಿ ಸುಮ್ಮನಿರಬಹುದು.

ಯಾವುದೂ ತೀರ್ಮಾನ ಆಗ್ತಿಲ್ಲ ಅಂದ್ರೆ ಹೊಸ ಹಾಡು ಬರೀಬೇಡಿ, ನಿಮ್ಮದೇ ಹಳೇ ರಾಕ್ ಹಾಡೊಂದನ್ನ ತಗೊಳ್ಳಿ, ಬರೀ ಕಿಕ್ಕು ಬೇಸಿಂದ ಶುರು ಮಾಡಿ, ಒಂದೊಂದೇ ವಾದ್ಯ ಒಳಗೆ ಬಿಡಿ. ಯಾರು ಬಂದ ತಕ್ಷಣ ಕಾಲು ನಿಲ್ಲುತ್ತೋ ಅವರ ಪಾರ್ಟ್ ಅರ್ಧ ಕತ್ತರಿಸಿ, ಮತ್ತೆ ಬಿಡಿ. ನಾವು ಹೀಗೆ ಮಾಡಿ ಮಾಡಿ ಕೊನೆಗೆ ಮೂರನೇ ದಾರೀಲಿ ನಿಂತ್ವಿ, 112 ಬಿಪಿಎಂ. ನಮ್ಮ ಎರಡನೇ ಗಿಟಾರಿಸ್ಟ್ ಈಗ ಇಡೀ ಹಾಡಲ್ಲಿ ಅಂಗೈಯಿಂದ ತಂತಿ ಅದುಮಿ ಒಂದೇ ತಂತಿಯ ಮೇಲೆ ಐದು ಸ್ವರದ ಲೈನ್ ನುಡಿಸ್ತಾನೆ, ಕಣ್ಣು ಮುಚ್ಕೊಂಡು, ಎಂಟು ನಿಮಿಷ. ಅದನ್ನ ತೆಗೆದು ನೋಡಿದ್ವಿ ಒಂದು ಸಲ, ಹಾಡು ಅಲ್ಲೇ ಕುಸೀತು, ಮತ್ತೆ ಹಾಕಿದ್ವಿ.